ಉಸಿರು ಕಟ್ಟಿ ಎತ್ತಿದ ಕಲ್ಲು

ಹೊಳೆಯ ಈಚೆ ದಡದಲ್ಲಿ ಒಂದು ಗರಡಿ ಇತ್ತು. ಅಲ್ಲಿ ಕಲ್ಲುಗುಂಡು ಎತ್ತುವವನು ಮಾತಾಡುತ್ತಲೇ ಎತ್ತಬೇಕು.

ಗುರು ಮುದ್ದಯ್ಯ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಬೆಳಿಗ್ಗೆ ಏನು ತಿಂದೆ, ಮನೆಯಲ್ಲಿ ಎಮ್ಮೆ ಎಷ್ಟು, ನಿಮ್ಮ ಭಾವನ ಊರು ಯಾವುದು. ಕಲ್ಲು ಮೊಣಕಾಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರುವಷ್ಟು ಹೊತ್ತೂ ಶಿಷ್ಯ ಉತ್ತರ ಹೇಳುತ್ತಿರಬೇಕು. ಉತ್ತರ ನಿಂತರೆ ಕಲ್ಲು ಕೆಳಗಿಳಿಯಬೇಕು.

ಆಚೆ ದಡದ ಗರಡಿಯವರಿಗೆ ಇದು ನಗೆಪಾಟಲು. ಅದು ಗರಡಿಯಲ್ಲ ಕಣ್ರೋ, ನಲ್ಲಿಕಟ್ಟೆ, ಬಿಂದಿಗೆ ಬದಲು ಗುಂಡು ಹೊರ್ತಾರೆ ಅಷ್ಟೆ ಎಂದು ಆಡಿಕೊಳ್ಳುತ್ತಿದ್ದರು.

ಆಚೆ ದಡದ ರೀತಿಯೇ ಬೇರೆ. ಅಲ್ಲಿಯ ಗುರು ಜವರಯ್ಯ. ಅವನ ಶಿಷ್ಯರು ಉಸಿರೆಳೆದುಕೊಂಡು, ಬಾಯಿ ಮುಚ್ಚಿ, ಹೊಟ್ಟೆ ಬಿಗಿದು, ದಮ್ಮು ಕಟ್ಟಿ ಎತ್ತುತ್ತಿದ್ದರು. ಕೊರಳ ನರ ಉಬ್ಬಬೇಕು, ಮುಖ ಕಪ್ಪಿಡಬೇಕು, ಕಣ್ಣು ಕೆಂಪಗಾಗಬೇಕು. ಕಣ್ಣು ಕೆಂಪಗಾಗದಿದ್ದರೆ ನೋಡುವವರಿಗೆ ತೃಪ್ತಿಯಿಲ್ಲ.

ಎರಡೂ ಗರಡಿಗಳ ನಡುವೆ ಒಂದು ದೊಡ್ಡ ಗುಂಡು ಇತ್ತು. ವರ್ಷಕ್ಕೊಮ್ಮೆ ಪಂದ್ಯ. ಗೆದ್ದವರು ಗುಂಡನ್ನು ದೋಣಿಯಲ್ಲಿ ತಮ್ಮ ದಡಕ್ಕೆ ಒಯ್ಯುತ್ತಿದ್ದರು. ಹನ್ನೊಂದು ವರ್ಷದಿಂದ ಅದು ಆಚೆ ದಡ ಬಿಟ್ಟು ಕದಲಿರಲಿಲ್ಲ.

ಅದನ್ನು ತರಬಲ್ಲವನೆಂದರೆ ಮುದ್ದಯ್ಯನವರ ಹಿರಿಯ ಶಿಷ್ಯ ಚೆಲುವರಾಯ ಒಬ್ಬನೇ. ಮೂವತ್ತರ ಗಂಡಸು. ಮನೆಯಲ್ಲಿ ಹೆಂಡತಿ ನಿಂಗಾಜಮ್ಮ, ಎಂಟು ತಿಂಗಳ ಮಗಳು.

ಒಂದು ದಿನ ಆಚೆಯವರ ನಗು ತಡೆಯಲಾರದೆ ಅವನು ಗುರುವನ್ನು ಕೇಳಿದ.

"ಗುರುಗಳೇ, ಎತ್ತುವಾಗ ಯಾಕೆ ಮಾತಾಡಬೇಕು?"

ಮುದ್ದಯ್ಯ ಕುಸ್ತಿ ಮಟ್ಟಿಯ ಕೆಮ್ಮಣ್ಣನ್ನು ಬೆರಳಲ್ಲಿ ಕೆದಕಿದರು.

"ಮುಚ್ಚಿದ ಬಾಗಿಲ ಹಿಂದೆ ಏನು ನಡೀತಿದೆ ಅಂತ ಯಾರು ಕಂಡರು?"

ಚೆಲುವರಾಯ ತಿಳಿದವನಂತೆ ತಲೆಯಾಡಿಸಿದ. ಏನೂ ತಿಳಿದಿರಲಿಲ್ಲ. ಗುರುವಿನ ಮಾತು ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯ ಆ ಗರಡಿಯಲ್ಲಿ ಯಾರಿಗೂ ಇರಲಿಲ್ಲ. ಅಷ್ಟೊಂದು ಭಾರ ಎತ್ತುತ್ತಿದ್ದರು, ಈ ಒಂದು ಮಾತು ಎತ್ತಲಾರರು.

ಆ ವಾರವೇ ಅವನು ಯಾರಿಗೂ ಹೇಳದೆ ಹೊಳೆ ದಾಟಿದ.

ಜವರಯ್ಯ ಅವನನ್ನು ಕಂಡು ಹಿಗ್ಗಿದ. ನಲ್ಲಿಕಟ್ಟೆಯಿಂದ ಒಬ್ಬ ಗಂಡಸು ಬಂದ ಎಂದು ಹತ್ತು ಜನರಿಗೆ ಕೇಳುವಂತೆ ಹೇಳಿದ. ಆಮೇಲೆ ದಮ್ಮು ಕಟ್ಟುವುದನ್ನು ಕಲಿಸಿದ.

ಚೆಲುವರಾಯ ಬಾಯಿ ಮುಚ್ಚಿ ಎತ್ತಿದ. ಈಚೆ ದಡದಲ್ಲಿ ಎಂದೂ ಎದೆ ದಾಟದಿದ್ದ ತೂಕ ಹೆಗಲು ಮುಟ್ಟಿತು. ಕೆಳಗಿಟ್ಟು ನಿಂತಾಗ ಎಡಗಣ್ಣಿನ ಬಿಳಿಯಲ್ಲಿ ರಕ್ತ ಹರಡಿತ್ತು, ಕುಂಕುಮದ ನೀರು ಚೆಲ್ಲಿದ ಹಾಗೆ. ನೋವಿರಲಿಲ್ಲ.

ಚಪ್ಪಾಳೆ ಬಿತ್ತು. ಜವರಯ್ಯ ತನ್ನ ರುಮಾಲು ಬಿಚ್ಚಿ ಅವನ ತಲೆಗೆ ಸುತ್ತಿದ. ಕಸುವು ಕಣ್ಣಿಗೆ ಬಂತು ಕಣೋ ಎಂದ.

ಮನೆಯಲ್ಲಿ ನಿಂಗಾಜಮ್ಮ ಕೇಳಿದಾಗ ಕಣ್ಣಿಗೆ ಮಣ್ಣು ಬಿತ್ತು ಎಂದು ಸುಳ್ಳು ಹೇಳಿದ.

ಹದಿನೈದು ದಿನದಲ್ಲಿ ಕೆಂಪು ಹೋಯಿತು. ಹೋದದ್ದಕ್ಕೆ ಅವನಿಗೆ ಬೇಜಾರಾಯಿತು. ಮನುಷ್ಯನಿಗೆ ಗಾಯ ಮಾಯುವುದೂ ಬೇಜಾರಾಗುವ ಹಾಗೆ ಮಾಡಬಲ್ಲದ್ದು ಚಪ್ಪಾಳೆ ಒಂದೇ.

ಮತ್ತೆ ಹೊಳೆ ದಾಟಿದ. ಮತ್ತೆ ಎತ್ತಿದ.

ಮೂರನೆಯ ಸಲ ಕಲ್ಲು ಇಳಿಸುತ್ತಿದ್ದಂತೆ ಎಡಗಣ್ಣಿನ ನಟ್ಟನಡುವೆ ಒಂದು ಕಪ್ಪು ಮಚ್ಚೆ ಬಂದು ನಿಂತಿತು. ಕಣ್ಣುಜ್ಜಿದರೆ ಹೋಗಲಿಲ್ಲ. ನೀರು ಹಾಕಿದರೆ ಹೋಗಲಿಲ್ಲ. ಕೆಂಪಿನ ಹಾಗೆ ಇದೂ ತಾನಾಗಿ ಹೋಗುತ್ತದೆ ಎಂದುಕೊಂಡು ಸುಮ್ಮನಾದ. ಬಲಗಣ್ಣು ಎರಡರ ಕೆಲಸವನ್ನೂ ಮಾಡುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಹೀಗೆ ಹನ್ನೆರಡು ದಿನ ಕಳೆದ.

ಹದಿಮೂರನೆಯ ದಿನ ಬೆಳಿಗ್ಗೆ ಮಗಳನ್ನು ಎತ್ತಿಕೊಂಡಿದ್ದ. ಕೂಸು ಆಡುತ್ತಾ ಅಂಗೈಯನ್ನು ಅವನ ಬಲಗಣ್ಣಿನ ಮೇಲಿಟ್ಟಿತು.

ಚೆಲುವರಾಯ ಹೆಂಡತಿಯನ್ನು ಗದರಿದ. ಮಗುವಿನ ಮುಖಕ್ಕೆ ಮಸಿ ಮೆತ್ತಿದೆ, ಒರೆಸೋಕೂ ಆಗಲ್ವಾ ಎಂದ. ತಾನೇ ಟವೆಲಿನ ತುದಿ ಹಿಡಿದು ಒರೆಸಿದ. ಮತ್ತೆ ಒರೆಸಿದ. ಕೂಸು ಅಳತೊಡಗಿತು.

ನಿಂಗಾಜಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಮಗುವಿನ ಮುಖದಲ್ಲಿ ಒರೆಸಿದ ಕೆಂಪು ಬಿಟ್ಟರೆ ಏನೂ ಇರಲಿಲ್ಲ.

ಅವಳು ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಕೈ ತೊಳೆದು, ಮಗುವನ್ನು ಕಂಕುಳಿಗೆ ಹಾಕಿಕೊಂಡು, ಅವನ ರಟ್ಟೆ ಹಿಡಿದು ಗರಡಿಗೆ ನಡೆದಳು. ಅವನನ್ನು ಪಂದ್ಯದಲ್ಲಿ ಯಾರೂ ಹಾಗೆ ಎಳೆದಿರಲಿಲ್ಲ.

ಗರಡಿಯ ಬಾಗಿಲು ಗಿಡ್ಡ. ಬಗ್ಗಿಯೇ ಒಳಗೆ ಹೋಗಬೇಕು. ಹೆಂಗಸರು ಬಗ್ಗಿಯೂ ಹೋಗುವಂತಿಲ್ಲ, ಅದು ಪದ್ಧತಿ. ಅವಳು ಗಂಡನನ್ನು ಒಳಕ್ಕೆ ತಳ್ಳಿ ಹೊರಗೇ ನಿಂತಳು.

"ಗುರುಗಳೇ, ಎರಡು ಕಣ್ಣಿದ್ದವನನ್ನ ನಿಮ್ಮ ಹತ್ತಿರ ಕಳಿಸಿದ್ದೆ. ಈಗ ಎಷ್ಟಿವೆ ಅಂತ ನೀವೇ ಕೇಳಿ."

ಮುದ್ದಯ್ಯ ಎದ್ದು ಬಂದು ಶಿಷ್ಯನ ಮುಂದೆ ನಿಂತರು. ಏನೂ ಆಗಿಲ್ಲ ಗುರುಗಳೇ, ಹೆಂಗಸರ ಗಾಬರಿ ಎಂದ ಚೆಲುವರಾಯ. ಮುದ್ದಯ್ಯ ತಮ್ಮ ಅಂಗೈಯಿಂದ ಅವನ ಬಲಗಣ್ಣು ಮುಚ್ಚಿದರು. ಅವನನ್ನು ಬಾಗಿಲ ಕಡೆ ತಿರುಗಿಸಿದರು.

"ಏನು ಕಾಣುತ್ತೆ?"

"ಬಾಗಿಲು."

"ಮತ್ತೆ?"

"ಸೀರೆ. ಮಗುವಿನ ಕಾಲು."

"ಹೆಂಡತಿ ಮುಖ?"

ಚೆಲುವರಾಯ ಮಾತಾಡಲಿಲ್ಲ.

ಗರಡಿಯಲ್ಲಿದ್ದ ಹದಿನಾಲ್ಕು ಜನರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಆಗ ಅವನು ಎಲ್ಲವನ್ನೂ ಬಾಯಿಬಿಟ್ಟ. ಹೊಳೆ ದಾಟಿದ್ದು, ರುಮಾಲು ಸುತ್ತಿಸಿಕೊಂಡದ್ದು, ಮಚ್ಚೆ.

ಮುದ್ದಯ್ಯನವರ ಮುಖ ಬಿಗಿಯಿತು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಗೂಟದಿಂದ ಅಂಗಿ ತೆಗೆದು ತೊಟ್ಟುಕೊಂಡು ಪೇಟೆಯ ಬಸ್ಸಿಗೆ ಹೊರಟರು. ಗಂಡ ಹೆಂಡತಿ ಹಿಂದೆ ಹೋದರು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಮಾತಿನಲ್ಲಿ ಜಿಪುಣಿ. ಚೆಲುವರಾಯನ ಕಣ್ಣಿಗೆ ಹನಿ ಹಾಕಿಸಿ, ಬೆಳಕು ಬಿಟ್ಟು ನೋಡಿ, ಏನು ಎತ್ತಿದೆ, ಉಸಿರು ಕಟ್ಟಿದ್ದೆಯಾ ಎಂದು ಕೇಳಿದರು. ಹೌದೆಂದ.

ಅವರು ಹೇಳಿದ್ದು ಇಷ್ಟು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಎದೆಯ ಒತ್ತಡ ತಲೆಗೇರುತ್ತದೆ, ಕಣ್ಣಿಗೂ ಏರುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅದರಲ್ಲೊಂದು ಒಡೆದು, ನೋಟದ ನಡುವಿನಲ್ಲೇ ರಕ್ತ ನಿಂತಿದೆ. ಅದು ಮೆಲ್ಲಗೆ ಕರಗುತ್ತದೆ, ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಮುಟ್ಟಬಾರದು, ಹೇಳಿದ ದಿನ ಬಂದು ತೋರಿಸಬೇಕು. ಇನ್ನೊಂದು ಸಲ ಹೀಗೆ ಒಡೆದರೆ ಆ ಕಣ್ಣಿನ ಭರವಸೆ ತಾನು ಕೊಡುವುದಿಲ್ಲ.

ನಿಂಗಾಜಮ್ಮ ಒಂದೊಂದನ್ನೂ ಎರಡೆರಡು ಸಲ ಕೇಳಿದಳು, ಗರಡಿಯ ಉಳಿದವರು ಏನು ಜೋಪಾನ ಮಾಡಬೇಕೆಂದೂ ಕೇಳಿ ತಿಳಿದುಕೊಂಡಳು. ಹೊರಗೆ ಸಾಲು ಇದೆಯಮ್ಮ ಎಂದು ನರ್ಸ್ ಹೇಳಿದರೂ ಕದಲಲಿಲ್ಲ. ಎತ್ತುವಾಗ ಮಾತಾಡುತ್ತಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿದಳು.

ಡಾಕ್ಟರಮ್ಮ ಮೊದಲ ಸಲ ನಕ್ಕರು. ಮಾತಾಡುವವನು ಉಸಿರು ಕಟ್ಟಲಾರ, ಯಾರು ಹೇಳಿಕೊಟ್ಟರೋ ಒಳ್ಳೆಯದನ್ನೇ ಹೇಳಿಕೊಟ್ಟಿದ್ದಾರೆ ಎಂದರು.

ಮುದ್ದಯ್ಯ ತಲೆ ತಗ್ಗಿಸಿದರು.

ಆಸ್ಪತ್ರೆಯ ಹೊರಗೆ ಹೊಂಗೆ ಮರದ ನೆರಳಲ್ಲಿ ಮೂವರೂ ಕೂತರು. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು. ಚೆಲುವರಾಯ ತಲೆಯ ಮೇಲೆ ಟವೆಲು ಹೊದ್ದುಕೊಂಡೇ ಸಿಡುಕಿದ.

"ಹತ್ತು ವರ್ಷ ನಮ್ಮನ್ನ ಮಾತಾಡಿಸಿದಿರಿ ಗುರುಗಳೇ. ಕಣ್ಣಿಗೆ ಅಂತ ಒಂದು ಮಾತು ಹೇಳಿದ್ದರೆ ನಾನು ಹೊಳೆ ದಾಟುತ್ತಿದ್ದೆನಾ?"

"ನೀನು ಸುಮ್ಮನಿರು," ಎಂದಳು ನಿಂಗಾಜಮ್ಮ. "ಹೇಳಿದ್ದನ್ನ ಮಾಡದವನು ಹೇಳಲಿಲ್ಲ ಅಂತ ದೂರಬೇಡ."

ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿ ಗುರುವಿನ ಕಡೆ ತಿರುಗಿದಳು.

"ಆದರೂ ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಯಾಕೆ ಅಂತ ಕೇಳಿದವನಿಗೆ ಬಾಗಿಲು, ಬೀಗ ಅಂತ ಒಗಟು ಹೇಳಿದಿರಂತೆ. ನನ್ನ ಮಗಳು ಒಲೆ ಹತ್ತಿರ ಅಂಬೆಗಾಲಿಟ್ಟರೆ ನಾನು ಒಗಟು ಹೇಳಲ್ಲ. ಸುಡುತ್ತೆ ಅಂತೀನಿ. ನೆಟ್ಟಗೆ ಹೇಳೋಕೆ ನಿಮಗೇನಾಗಿತ್ತು?"

ಗುರುವಿನ ಎದುರು ಹೀಗೆ ಯಾರೂ ಮಾತಾಡಿರಲಿಲ್ಲ. ಚೆಲುವರಾಯ ಟವೆಲಿನೊಳಗೇ ಮುದುಡಿದ.



"ನನಗೆ ಗೊತ್ತಿರಲಿಲ್ಲ ತಾಯಿ," ಎಂದರು ಮುದ್ದಯ್ಯ. "ನಮ್ಮ ಗುರು ನನ್ನನ್ನ ಮಾತಾಡಿಸಿದರು, ನಾನು ಇವರನ್ನ ಮಾತಾಡಿಸಿದೆ. ಯಾಕೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇವನು ಕೇಳಿದ. ಗೊತ್ತಿಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ. ಏನೋ ದೊಡ್ಡದಾಗಿ ಕೇಳುವಂಥದ್ದು ಹೇಳಿಬಿಟ್ಟೆ."

ನಿಂಗಾಜಮ್ಮನ ಸಿಟ್ಟು ಇಳಿಯಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಬಸ್ಸು ಬಂತು, ಏಳಿ ಎಂದಳು.

ಮರುದಿನ ಬೆಳಿಗ್ಗೆ ಮುದ್ದಯ್ಯ ಅವಳನ್ನು ಗರಡಿಗೆ ಕರೆಸಿದರು. ಪದ್ಧತಿಯ ನೆನಪಾಗಿ ಅವಳು ಬಾಗಿಲ ಹೊರಗೇ ನಿಂತಳು. ಒಳಗಿಂದ ಗುರುವೇ ಬಗ್ಗಿ ಹೊರಗೆ ಬಂದರು. ಅವರ ಹಿಂದೆ ಹದಿನಾಲ್ಕು ಶಿಷ್ಯರೂ ಒಬ್ಬೊಬ್ಬರಾಗಿ ಬಗ್ಗಿ ಬಂದರು. ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡ ಆ ಗಂಡಸರನ್ನು ಹೊಳೆಯ ಮರಳಲ್ಲಿ ಕೂರಿಸಿ ಗುರುವೂ ಅವರ ಸಾಲಿನಲ್ಲಿ ಕೂತರು.

"ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನೀನೇ ಹೇಳು ತಾಯಿ. ನನಗೆ ಅರ್ಧ ಮರೆತಿದೆ."

ಅವಳು ಹೇಳಿದಳು. ಹತ್ತನೇ ಕ್ಲಾಸಿನ ಪಾಠ ಒಪ್ಪಿಸಿದ ಹಾಗೆ ಒಂದೂ ಬಿಡದೆ ಹೇಳಿದಳು. ಕಣ್ಣು ಕೆಂಪಾಗುವುದು ಕಸುವಲ್ಲ, ನಾಳ ಒಡೆದದ್ದು. ಕಣ್ಣಿನ ಒತ್ತಡ ಜಾಸ್ತಿ ಇರುವವರು, ಅಪ್ಪನಿಗೋ ಅಜ್ಜನಿಗೋ ಕಣ್ಣು ಮಂದವಾಗಿದ್ದ ಮನೆಯವರು ಮೊದಲು ತೋರಿಸಿಕೊಳ್ಳಬೇಕು. ಅಂಥವರು ತಲೆ ಕೆಳಗೆ ಮಾಡಿ ನಿಲ್ಲುವುದೂ ಬೇಡ. ಬಿರುಸಾಗಿ ನಡೆದರೆ ಕಣ್ಣಿಗೆ ಒಳ್ಳೆಯದೇ.

ಹಿಂದಿನ ಸಾಲಿನಿಂದ ಒಬ್ಬ, ಹಂಗಾದರೆ ಭಾರ ಎತ್ತಲೇಬಾರದಾ ಅಕ್ಕ ಎಂದು ಕೇಳಿದ.

"ಎತ್ತಪ್ಪ. ಉಸಿರು ಬಿಡ್ತಾ ಎತ್ತು. ಎತ್ತೋಕಾಗದಿದ್ದರೆ ಬಿಡು. ನಾನು ದಿನಾ ಎಂಟು ಬಿಂದಿಗೆ ನೀರು ತರ್ತೀನಿ, ಕಂಕುಳಲ್ಲಿ ಇವಳನ್ನ ಇಟ್ಟುಕೊಂಡು. ನನ್ನ ಕಣ್ಣೂ ಕೆಂಪಾಗುತ್ತೆ, ಒಲೆ ಹೊಗೆಗೆ. ನನಗೆ ಯಾರೂ ರುಮಾಲು ಸುತ್ತಲಿಲ್ಲ."

ಯಾರೋ ನಕ್ಕರು. ಅವಳು ನಗಲಿಲ್ಲ.

ಪಂದ್ಯಕ್ಕೆ ಇನ್ನು ಮೂರು ವಾರ ಇತ್ತು. ಚೆಲುವರಾಯ ಭಾರ ಮುಟ್ಟದೆ ದಿನವೂ ದಡದುದ್ದ ನಡೆದ. ಮಚ್ಚೆ ಅಂಚಿನಲ್ಲಿ ತೆಳುವಾಗತೊಡಗಿತು. ಮೊದಲು ಮಗಳ ಕಿವಿ ಕಂಡಿತು. ಆಮೇಲೆ ಗಲ್ಲ.

ವಾಸಿಯಾಗುತ್ತಿರುವುದೇ ಈಗ ಅಪಾಯವಾಯಿತು. ಜೊತೆಯವರು ಕಿವಿಯೂದಿದರು. ಗುಣವಾಗ್ತಿದೆಯಲ್ಲ ಅಣ್ಣ, ಒಂದೇ ಒಂದು ಸಲ, ಗುಂಡು ನಮ್ಮ ದಡಕ್ಕೆ ಬಂದುಬಿಡಲಿ, ಆಮೇಲೆ ಜನ್ಮದಲ್ಲಿ ಮುಟ್ಟಬೇಡ ಎಂದರು. ಹೊಳೆಮರಳಲ್ಲಿ ಕೂತು ನಿಂಗಾಜಮ್ಮನ ಮಾತಿಗೆ ತಲೆದೂಗಿದವರೇ ಹೀಗಂದರು. ಒಡೆಯುವುದು ತಮ್ಮ ಕಣ್ಣಲ್ಲದಿದ್ದರೆ ಜನ ಬಹಳ ಧೈರ್ಯವಂತರು.

ಮುದ್ದಯ್ಯ ಬೇಡ ಎಂದರು. ಒಂದೇ ಸಲ ಹೇಳಿದರು, ಒಗಟಿಲ್ಲದೆ ಹೇಳಿದರು. ಚೆಲುವರಾಯ ಹೂಂ ಎಂದ. ಆದರೂ ಪಂದ್ಯದ ದಿನ ಲಂಗೋಟಿ ಬಿಗಿದುಕೊಂಡೇ ದೋಣಿ ಹತ್ತಿದ.

ಆಚೆ ದಡದಲ್ಲಿ ಜನ ನೆರೆದಿದ್ದರು. ಜವರಯ್ಯನ ಶಿಷ್ಯ ಆಗಲೇ ಗುಂಡು ಎತ್ತಿ ಇಳಿಸಿ, ಕೆಂಪು ಕಣ್ಣನ್ನು ಅರಳಿಸಿಕೊಂಡು ಜನರ ನಡುವೆ ಸುತ್ತುತ್ತಿದ್ದ. ಈಚೆ ದಡದವರ ಸರದಿ ಬಂತು.

ಚೆಲುವರಾಯ ನಡೆದು ಹೋಗಿ ಗುಂಡಿನ ಮೇಲೆ ಎರಡೂ ಕೈ ಇಟ್ಟ.

ಕಲ್ಲು ಬಿಸಿಲಿಗೆ ಕಾದಿತ್ತು. ಅವನ ತೋಳಿಗೆ ಅದರ ತೂಕ ಮುಟ್ಟುವ ಮೊದಲೇ ಗೊತ್ತಿತ್ತು. ಒಂದು ಉಸಿರಿನ ಕೆಲಸ, ಅಷ್ಟೆ.

"ಕಟ್ಟೋ ದಮ್ಮು," ಎಂದು ಜವರಯ್ಯ ಕೂಗಿದ. "ಇಲ್ಲಾ, ಮುದ್ದಯ್ಯ ಬಂದು ಊಟ ಆಯ್ತಾ ಅಂತ ಕೇಳಬೇಕಾ?"

ಜನ ಹೋ ಎಂದರು.

ಚೆಲುವರಾಯ ಗುರುವಿನ ಕಡೆ ನೋಡಿದ. ಗುರು ಸುಮ್ಮನೆ ನಿಂತಿದ್ದರು. ಹೇಳುವುದನ್ನು ಹೇಳಿಯಾಗಿತ್ತು, ಕೈ ಇವನದು.

ಗುಂಪಿನಲ್ಲಿ ನಿಂಗಾಜಮ್ಮ ಮಗುವನ್ನೆತ್ತಿಕೊಂಡು ನಿಂತಿದ್ದಳು. ಅವನು ಗುಂಡಿನಿಂದ ಒಂದು ಕೈ ತೆಗೆದು ಬಲಗಣ್ಣು ಮುಚ್ಚಿಕೊಂಡ. ಎಡಗಣ್ಣಲ್ಲಿ ನೋಡಿದ. ಹೆಂಡತಿಯ ತಲೆಗೂದಲು ಕಂಡಿತು, ಗಲ್ಲ ಕಂಡಿತು, ಸೆರಗು ಕಂಡಿತು. ಅವಳು ಸಿಟ್ಟಾಗಿದ್ದಾಳೋ ಅಳುತ್ತಿದ್ದಾಳೋ ಕಾಣಲಿಲ್ಲ.

ಇನ್ನೊಂದು ಕೈಯನ್ನೂ ತೆಗೆದ.

"ಈ ಕಣ್ಣು ನಡುವೆ ಕಾಣಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇಲ್ಲೇ ದಮ್ಮು ಕಟ್ಟಿ ಎತ್ತಿ ಒಡಕೊಂಡೆ. ನಾನು ಎತ್ತಲ್ಲ."

ಸಿಳ್ಳೆ ಬಿತ್ತು. ಬಳೆ ತೊಟ್ಟುಕೋ ಹೋಗು ಎಂದು ಯಾರೋ ಕೂಗಿದರು. ಹಿಂದಿನಿಂದ ಒಂದು ಬಳೆ ಹಾರಿಬಂದು ಅವನ ಕಾಲ ಬಳಿ ಬಿತ್ತು.

ನಿಂಗಾಜಮ್ಮ ಜನರನ್ನು ಸರಿಸಿಕೊಂಡು ಬಂದು ಬಳೆ ಎತ್ತಿಕೊಂಡಳು.

"ಯಾರಪ್ಪ ಎಸೆದದ್ದು? ಬಳೆ ತೊಟ್ಟ ಕೈಯೇ ಇವನನ್ನ ಆಸ್ಪತ್ರೆಗೆ ಎಳಕೊಂಡು ಹೋಗಿದ್ದು. ಚಪ್ಪಾಳೆ ಹೊಡೆದ ಕೈ ಒಂದೂ ಬರಲಿಲ್ಲ. ನಿನ್ನ ಕಣ್ಣಿಗೆ ಹಿಂಗಾದ ದಿನ ನಿನಗೂ ಒಬ್ಬಳು ಬಳೆ ತೊಟ್ಟವಳು ಬೇಕಾಗ್ತಾಳೆ, ತಗೊಂಡು ಹೋಗಿ ಮನೇಲಿ ಜೋಪಾನವಾಗಿಡು."

ಯಾರೂ ಮುಂದೆ ಬರಲಿಲ್ಲ. ಬಳೆಯನ್ನು ಗುಂಡಿನ ಮೇಲಿಟ್ಟು ಗಂಡನ ಜೊತೆ ದೋಣಿಯ ಕಡೆ ನಡೆದಳು.

ಗುಂಡು ಹನ್ನೆರಡನೆಯ ವರ್ಷಕ್ಕೂ ಆಚೆ ದಡದಲ್ಲೇ ಉಳಿಯಿತು. ಜನ ಗೆದ್ದವನನ್ನು ಹೊತ್ತುಕೊಂಡು ಊರೊಳಗೆ ಹೋದರು. ಮರಳು ಖಾಲಿಯಾಯಿತು.

ಮುದ್ದಯ್ಯ ದೋಣಿಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಯಾರೋ ಕರೆದರು. ಜವರಯ್ಯ. ಒಬ್ಬನೇ ಬಂದಿದ್ದ. ಸಮತಟ್ಟು ಮರಳಲ್ಲೂ ಎಡವಿಕೊಂಡು ಬಂದ. ಪಕ್ಕದಲ್ಲೇ ಇದ್ದ ದೋಣಿ ನೂಕುವ ಗಳು ಅವನಿಗೆ ಕಾಣದೆ ಮಂಡಿಗೆ ಬಡಿಯಿತು.

ಅವನು ಸುತ್ತ ನೋಡಿ ದನಿ ತಗ್ಗಿಸಿದ. ಎರಡು ವರ್ಷವಾಯಿತಂತೆ. ಎದುರಿಗಿರುವುದು ಕಾಣುತ್ತದಂತೆ, ಪಕ್ಕದಲ್ಲಿ ಬಂದವರು ಮೈಗೆ ತಾಗುವವರೆಗೂ ಕಾಣುವುದಿಲ್ಲವಂತೆ. ದಿನದಿನಕ್ಕೆ ನೋಟದ ಕಿಂಡಿ ಚಿಕ್ಕದಾಗುತ್ತಿದೆಯಂತೆ. ಶಿಷ್ಯರಿಗೆ ಹೇಳಿಲ್ಲ, ಮನೆಯಲ್ಲಿ ಹೇಳಿಲ್ಲ.

ನಿಂಗಾಜಮ್ಮ ದೋಣಿಯಿಂದ ಏನೋ ಹೇಳಲು ಬಾಯಿ ತೆರೆದಳು. ಅವಳ ಬಾಯಲ್ಲಿ ಏನು ಬರುತ್ತದೆಂದು ಚೆಲುವರಾಯನಿಗೆ ಗೊತ್ತಿತ್ತು, ಅದಕ್ಕೆ ಅವನು ಮಗುವನ್ನು ಅವಳ ತೊಡೆಗೆ ಹಾಕಿದ.

"ದಮ್ಮು ಕಟ್ಟಿದ್ದಕ್ಕೇ ಹೀಗಾಯ್ತಾ ಮುದ್ದಣ್ಣ?" ಎಂದ ಜವರಯ್ಯ. "ನಲವತ್ತು ವರ್ಷ ಕಟ್ಟಿದ್ದೀನಿ. ಇದಕ್ಕೇನು ಅರ್ಥ, ನೀನೇ ಹೇಳು."

ಮುದ್ದಯ್ಯ ದೋಣಿಯಿಂದ ಕಾಲು ಹಿಂತೆಗೆದರು.

"ನನಗೆ ಗೊತ್ತಿಲ್ಲ ಜವರಯ್ಯ. ಮುಖ ತೊಳೆದು ಅಂಗಿ ಹಾಕಿಕೊಂಡು ಬಾ. ಎರಡೂವರೆಗೆ ಪೇಟೆ ಬಸ್ಸಿದೆ, ನಾನೂ ಬರ್ತೀನಿ."